ಡೇರೆ ಗೆಡ್ಡೆ, ಖಾಲಿ ಕೊಟ್ಟಿಗೆ

ಪ್ರಶ್ನೆ: ನಾನು ಶಿರಸಿ ಸಮೀಪದ ಒಂದು ಹಳ್ಳಿಯವಳು, ವಯಸ್ಸು 48. ಅಡಿಕೆ ತೋಟದ ಮನೆ. ಅತ್ತೆ, ಇವರು, ನಾನು ಮೂರೇ ಜನ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತವರಿನಿಂದ ತಂದ ನಾಲ್ಕು ಡೇರೆ ಗೆಡ್ಡೆ ಈಗ ಅರವತ್ತು ಬಣ್ಣಗಳಾಗಿವೆ. ಆಂಥೂರಿಯಂ, ಬಿಗೋನಿಯಾ ಕೂಡ ಇವೆ. ನಾಲ್ಕು ವರ್ಷಗಳಿಂದ ಗೆಡ್ಡೆ, ಗಿಡ ಮಾರುತ್ತಿದ್ದೇನೆ. ನನ್ನ ಖಾತೆಯಲ್ಲಿ 70 ಸಾವಿರ ರೂಪಾಯಿ ಕೂಡಿದೆ. ಮಣ್ಣು ಕಲಸುವುದು, ಕುಂಡ ತುಂಬುವುದು ಎಲ್ಲ ಜಗಲಿಯ ತುದಿಯಲ್ಲಿ, ಕುಕ್ಕರಗಾಲಿನಲ್ಲಿ ಕೂತು. ಸೊಂಟ ಹಿಡಿದುಕೊಂಡಿದೆ. ಬಂದವರು ಕೂರುವ ಜಾಗ ಕೆಸರಾಗುತ್ತದೆ ಎಂದು ಅತ್ತೆಗೆ ಬೇಸರ. ಹಿತ್ತಲಲ್ಲಿ ಸಣ್ಣದೊಂದು ಶೆಡ್ ಕಟ್ಟಿಸೋಣ ಎಂದರೆ ಇವರು ಒಂದು ಮದುವೆ ಮನೆಯಲ್ಲಿ ಹತ್ತು ಜನರೆದುರು, ‘ಇವಳಿಗೆ ಗಿಡಕ್ಕೂ ಒಂದು ಮನೆ ಬೇಕಂತೆ’ ಅಂದರು. ಎಲ್ಲರೂ ನಕ್ಕರು. ಎರಡು ವರ್ಷದಿಂದ ಕೊಟ್ಟಿಗೆ ಖಾಲಿ ಇದೆ, ಅದನ್ನೇ ಬಳಸೋಣವೇ ಎಂದು ಊಟಕ್ಕೆ ಕೂತಾಗ ಕೇಳಿದೆ. ಅತ್ತೆ ಅರ್ಧಕ್ಕೇ ಎದ್ದರು. ಎರಡು ದಿನ ಮಾತಾಡಲಿಲ್ಲ. ಮಗ ರೆಡಿಮೇಡ್ ಕಬ್ಬಿಣದ ಶೆಡ್ಡಿನ ಫೋಟೊ ಕಳಿಸಿ, ‘ಇದನ್ನ ತರಿಸಿಬಿಡಮ್ಮ’ ಅಂತಾನೆ. ನನಗೆ ಸ್ವಲ್ಪ ಸಕ್ಕರೆ ಕಾಯಿಲೆಯೂ ಇದೆ. ನನ್ನದು ಅತಿಯಾಸೆಯೇ? ಬಿಟ್ಟುಬಿಡಲೇ? ಕಟ್ಟುವುದಾದರೆ ನಮ್ಮ ಮಳೆಗೆ ತಡೆಯುವ ಹಾಗೆ ಹೇಗೆ ಕಟ್ಟಲಿ?

ಉತ್ತರ: ಅತಿಯಾಸೆ ಅಲ್ಲ. ಬಿಡಬೇಡಿ.

ನಿಮ್ಮ ಮನೆಯನ್ನೇ ಒಂದು ಸುತ್ತು ಹಾಕಿ ನೋಡಿ. ಅಡಿಕೆ ಬೇಯಿಸಲು ದೊಡ್ಡ ಒಲೆಗೆ ಒಂದು ಮಾಡು ಇದೆ. ಒಣಗಿಸಲು ಅಟ್ಟ ಇದೆ. ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಕೂರಲು ಚಪ್ಪರ ಇದೆ. ಭತ್ತಕ್ಕೆ ಕಣಜವಿತ್ತು, ಆಕಳಿಗೆ ಕೊಟ್ಟಿಗೆ, ಸ್ನಾನಕ್ಕೆ ಬಚ್ಚಲು, ಸೌದೆಗೂ ಮಳೆ ತಾಗದ ಒಂದು ಮೂಲೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರುವಾಗ, ಸೂರಿಲ್ಲದೆ ಯಾವ ಕೆಲಸವೂ ನಡೆಯುವುದಿಲ್ಲ ಎಂದು ಹಿರಿಯರಿಗೆ ಗೊತ್ತಿತ್ತು. ಹಾಗಾಗಿ ಮನೆಯ ಪ್ರತಿ ಕೆಲಸಕ್ಕೂ ಅದರದೇ ಜಾಗ ಮಾಡಿದರು. ಆ ಮನೆಯಲ್ಲಿ ಜಾಗವಿಲ್ಲದೆ ಉಳಿದಿರುವುದು ನಿಮ್ಮ ಕೆಲಸ ಒಂದೇ. ಅಡಿಕೆ ಸುಲಿಯುವವರಿಗೆ ಚಪ್ಪರ ಹಾಕಿದಾಗ ‘ಅಡಿಕೆಗೂ ಒಂದು ಮನೆಯಂತೆ’ ಎಂದು ಯಾರೂ ನಗಲಿಲ್ಲ, ನಗಬೇಕಾಗಿಯೂ ಇರಲಿಲ್ಲ. ನೀವು ಕೇಳುತ್ತಿರುವುದೂ ಅದನ್ನೇ.

ಯಜಮಾನರ ಮಾತು ನಿಮಗೆ ಚುಚ್ಚಿದೆ, ಚುಚ್ಚುವಂಥದ್ದೇ. ಆದರೆ ಅವರಿಗೆ ನಿಮ್ಮ ಕೆಲಸದ ಅಳತೆ ಗೊತ್ತಿಲ್ಲ ಎಂದೇ ನನಗನಿಸುತ್ತದೆ. ಹೂವು ಅವರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮೊದಲಿನ ಆರು ತಿಂಗಳು ಬೀಳುವುದಿಲ್ಲ. ಹತ್ತು ಇಂಚಿನ ಕುಂಡಕ್ಕೆ ಹಸಿ ಮಣ್ಣು ತುಂಬಿದರೆ ಎಂಟು–ಹತ್ತು ಕೆಜಿ ತೂಗುತ್ತದೆ. ಅರವತ್ತು ಕುಂಡವನ್ನು ನೆಲದಿಂದ ಎತ್ತಿ ಜಗಲಿಯ ಮೇಲಿಟ್ಟರೆ ಅರ್ಧ ಟನ್ ಎತ್ತಿದ ಹಾಗೆ, ಅದೂ ಸೊಂಟ ಬಗ್ಗಿಸಿ. ಅಡಿಕೆ ಕೆಲಸ ಮುಗಿದ ಒಂದು ರಾತ್ರಿ, ಊಟವಾಗಿ ಕವಳ ಹಾಕುವ ಹೊತ್ತಿಗೆ, ಲೆಕ್ಕದ ಪುಸ್ತಕ ತೆರೆದು ಅವರ ಮುಂದಿಡಿ. ಯಾವ ತಿಂಗಳು ಎಷ್ಟು ಗೆಡ್ಡೆ ಹೋಯಿತು, ಎಷ್ಟು ಬಂತು, ಎಷ್ಟು ಗಿಡ ಮಳೆಗೆ ಕೊಳೆತು ಹಾಳಾಯಿತು ಎಂಬುದನ್ನು ಅಂಕಿಯಲ್ಲೇ ಹೇಳಿ. ಮದುವೆ ಮನೆಯ ಮಾತು ನೋಯಿಸಿತು ಎಂಬುದನ್ನೂ ಹೇಳಿ, ಒಂದೇ ಸಲ, ನೇರವಾಗಿ. ಆಮೇಲೆ ದುಡ್ಡು ಕೇಳಬೇಡಿ, ಅದು ನಿಮ್ಮಲ್ಲಿದೆ. ಅವರ ಕೈಯಲ್ಲಿ ಆಗುವುದನ್ನು ಕೇಳಿ: ನಾಲ್ಕು ಒಳ್ಳೆಯ ಕಂಬ, ಪಕಾಸಿಗೆ ಮರ, ಎರಡು ದಿನಕ್ಕೆ ಇಬ್ಬರು ಆಳು. ಕೆಲಸ ಇದು ಎಂದು ಒಪ್ಪಿಕೊಳ್ಳಲು ಅನೇಕ ಗಂಡಸರಿಗೆ ಅದರಲ್ಲಿ ತಾವೂ ಕೈ ಹಾಕಬೇಕಾಗುತ್ತದೆ.

ಅತ್ತೆಯ ವಿಷಯ ಬೇರೆ. ನಿಮ್ಮ ಪತ್ರದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲೇ.

ಅವರು ಎದ್ದು ಹೋದದ್ದು ನಿಮ್ಮ ಗಿಡಗಳ ಮೇಲಿನ ಸಿಟ್ಟಿಗಲ್ಲ ಎಂದು ನಾನು ನಂಬುತ್ತೇನೆ. ಆ ಮನೆಗೆ ಸೊಸೆಯಾಗಿ ಬಂದ ಮರುದಿನದಿಂದ ಅವರ ಬೆಳಗು ಶುರುವಾಗಿದ್ದು ಕೊಟ್ಟಿಗೆಯಲ್ಲಿ. ಸಗಣಿ ಬಾಚಿ, ಹುಲ್ಲು ಹಾಕಿ, ಕರು ಬಿಟ್ಟು, ಹಾಲು ಕರೆದು ಆದಮೇಲೆ ತಮ್ಮ ಕಾಫಿ. ಯಾವ ಆಕಳು ಒದೆಯುತ್ತದೆ, ಯಾವುದು ಅವರ ದನಿ ಕೇಳಿದರಷ್ಟೇ ಹಾಲಿಳಿಸುತ್ತದೆ ಎಂಬುದೆಲ್ಲ ಅವರಿಗೆ ಮಾತ್ರ ಗೊತ್ತಿದ್ದ ವಿದ್ಯೆ. ಕೊನೆಯ ಆಕಳು ಹೋದ ದಿನ ಆ ವಿದ್ಯೆಗೆ ಮನೆಯಲ್ಲಿ ಕೆಲಸವಿಲ್ಲದಾಯಿತು. ಅದರ ಬಗ್ಗೆ ಯಾರಾದರೂ ಅವರೊಂದಿಗೆ ಕೂತು ಮಾತಾಡಿದ್ದಾರೆಯೇ? ಈಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಖಾಲಿ. ಮೇವಿಲ್ಲ, ಆಳಿಲ್ಲ, ಮಕ್ಕಳು ಊರಲ್ಲಿಲ್ಲ ಎಂಬ ಕಾರಣಗಳೆಲ್ಲ ನಿಜ. ಆ ಕಾರಣಗಳಿಂದ ಅವರಿಗಾದ ನಷ್ಟ ಕಡಿಮೆಯಾಗುವುದಿಲ್ಲ. ದೀಪಾವಳಿಯ ದೊಡ್ಡಬ್ಬದ ದಿನ ಗೋಪೂಜೆಗೆ ಪಕ್ಕದ ಮನೆಗೆ ಹೋಗಬೇಕಾದ ಹೆಂಗಸಿಗೆ ಖಾಲಿ ಕೊಟ್ಟಿಗೆ ಖಾಲಿ ಜಾಗವಾಗಿ ಕಾಣುವುದಿಲ್ಲ. ನೀವು ಊಟದ ನಡುವೆ, ಬೇರೆ ಮಾತಿನ ಜೊತೆ, ಅದನ್ನು ಕೇಳಿದಿರಿ. ತಪ್ಪು ಮಾಡಿದಿರಿ ಎನ್ನುತ್ತಿಲ್ಲ. ಅವರಿಗೆ ಹೇಗೆ ಕೇಳಿಸಿರಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಸ್ವಲ್ಪ ದಿನ ಆ ಮಾತೇ ಎತ್ತಬೇಡಿ. ಒಂದು ಮಧ್ಯಾಹ್ನ ಅವರ ಜೊತೆ ಕೊಟ್ಟಿಗೆಗೆ ಹೋಗಿ ಕೂರಿ. ಆಕಳುಗಳ ಬಗ್ಗೆ ಕೇಳಿ, ಹೆಸರು ಹಿಡಿದು ಕೇಳಿ. ಇದನ್ನು ಅನುಮತಿ ಪಡೆಯುವ ಉಪಾಯವಾಗಿ ಮಾಡಬೇಡಿ, ಅವರಿಗೆ ಅದು ಕೂಡಲೇ ತಿಳಿಯುತ್ತದೆ. ನಿಮಗೆ ನಿಜವಾಗಿ ಕೇಳಬೇಕು ಅನ್ನಿಸಿದಾಗ ಹೋಗಿ. ಯಾವತ್ತೋ ಒಂದು ದಿನ ಮಾತು ತಾನಾಗಿ ಬಂದರೆ, ಇಡೀ ಕೊಟ್ಟಿಗೆ ಕೇಳಬೇಡಿ. ಕರು ಕಟ್ಟುತ್ತಿದ್ದ ಅಥವಾ ಹುಲ್ಲು ಒಟ್ಟುತ್ತಿದ್ದ ಬದಿಯನ್ನು ಮಾತ್ರ ಕೇಳಿ. ಗೋದಲಿ, ಹಗ್ಗ ಕಟ್ಟುವ ಗೂಟ, ಪೂಜೆ ಮಾಡುವ ಜಾಗ ಇದ್ದ ಹಾಗೇ ಇರುತ್ತದೆ ಎಂದು ಹೇಳಿ, ಹೇಳಿದ ಮೇಲೆ ಹಾಗೇ ಇಡಿ. ‘ಬೇಡ’ ಎಂದರೆ ಅಲ್ಲಿಗೆ ನಿಲ್ಲಿಸಿ. ಗಂಡನ ಬಾಯಲ್ಲಿ ಹೇಳಿಸುವುದು, ಮಗನಿಂದ ಫೋನ್ ಮಾಡಿಸುವುದು ಬೇಡವೇ ಬೇಡ. ಒತ್ತಾಯದಿಂದ ಸಿಕ್ಕ ಜಾಗದಲ್ಲಿ ನೀವು ದಿನವೂ ಅವರ ಮುಖ ನೋಡಿಕೊಂಡು ಮಣ್ಣು ಕಲಸಬೇಕಾಗುತ್ತದೆ.

ಒಪ್ಪಿದರೆ ನಿಮ್ಮ ಅರ್ಧ ಖರ್ಚು ಉಳಿಯಿತು. ಕುಂಡ ತುಂಬುವ ಕೆಲಸಕ್ಕೆ ಏನೇನು ಬೇಕೋ ಅದೆಲ್ಲ ಕೊಟ್ಟಿಗೆಯಲ್ಲಿ ಮೊದಲೇ ಇದೆ: ಗಟ್ಟಿ ಮಾಡು, ಇಳಿಜಾರಾದ ಕಲ್ಲಿನ ನೆಲ, ಗಂಜಲ ಹರಿದು ಹೋಗುವ ಕಾಲುವೆ, ಹಿಂದೆಯೇ ಗೊಬ್ಬರ ಗುಂಡಿ. ನೀರು ಚೆಲ್ಲಿದರೂ ನಿಲ್ಲುವುದಿಲ್ಲ. ಇಲ್ಲದ್ದು ಬೆಳಕು. ಪೂರ್ವದ ಇಳಿಜಾರಿನಲ್ಲಿ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದರೆ ಮಳೆಗಾಲದ ಮೋಡದಲ್ಲೂ ಚಿಗುರು ಯಾವುದು, ಹುಳ ಯಾವುದು ಎಂದು ಕಾಣುತ್ತದೆ. ಗೋಡೆಗೆ ಸುಣ್ಣ ಬಳಿಸಿ. ಬೆಳಕು ಇನ್ನಷ್ಟು ಹರಡುತ್ತದೆ. ಅದಕ್ಕೂ ಮೊದಲು ರೀಪು, ಪಕಾಸಿಗಳಿಗೆ ಗೆದ್ದಲು ಹತ್ತಿದೆಯೇ ಎಂದು ಬಡಗಿಯಿಂದ ಬಡಿದು ನೋಡಿಸಿ.

ಒಪ್ಪದಿದ್ದರೆ ಹಿತ್ತಲಲ್ಲೇ ಹೊಸದಾಗಿ ಕಟ್ಟಿ. ಹತ್ತಡಿ ಉದ್ದ, ಎಂಟಡಿ ಅಗಲ ನಿಮಗೆ ಧಾರಾಳವಾಯಿತು. ದೊಡ್ಡದು ಕಟ್ಟಿದರೆ ವರ್ಷದೊಳಗೆ ಹಳೇ ಸೈಕಲ್ಲು, ಮುರಿದ ಕುರ್ಚಿ, ಗೊಬ್ಬರದ ಖಾಲಿ ಚೀಲ ಎಲ್ಲ ಅಲ್ಲಿಗೆ ಬರುತ್ತವೆ. ಜಾಗ ಆರಿಸುವಾಗ ಬಾವಿ ಅಥವಾ ನಲ್ಲಿಗೆ ಹತ್ತಿರವಿರಲಿ, ತೆಂಗಿನ ಮರದ ಕೆಳಗೆ ಬೇಡ, ಧರೆಯ ಬುಡದಲ್ಲಂತೂ ಬೇಡವೇ ಬೇಡ, ಆಷಾಢದ ಮಳೆಗೆ ಧರೆ ಜಾರಿದರೆ ಏನೂ ಉಳಿಯುವುದಿಲ್ಲ. ಹಿತ್ತಲ ಬೇಲಿಯಾಚೆ ಸೊಪ್ಪಿನ ಬೆಟ್ಟವಿದ್ದರೆ ಅಲ್ಲಿಗೆ ಒಂದಡಿಯೂ ಚಾಚಬೇಡಿ. ಅದು ಅರಣ್ಯ ಭೂಮಿ. ತೋಟಕ್ಕೆ ಸೊಪ್ಪು ತರುವ ಸವಲತ್ತು ನಿಮಗಿದೆ, ಕಟ್ಟಡ ಕಟ್ಟುವ ಹಕ್ಕಿಲ್ಲ.

ಚಿರೇಕಲ್ಲಿನಲ್ಲಿ ಒಂದೂವರೆ ಅಡಿ ಎತ್ತರದ ಪಾಯ ಎತ್ತಿಸಿ, ನೆಲ ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿರಲಿ. ಕಂಬಗಳನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿ. ಹೂತ ಅಡಿಕೆ ಮರ ಎರಡು ಮೂರು ಮಳೆಗಾಲಕ್ಕೇ ಬುಡದಲ್ಲಿ ಕುಂಬಾಗುತ್ತದೆ. ಮಾಡಿಗೆ ಮಂಗಳೂರು ಹೆಂಚನ್ನೇ ನಾನು ಹೇಳುತ್ತೇನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಈ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿ, ಮಲೆನಾಡಿನ ಸೋಗೆ ಮಾಡುಗಳೆಲ್ಲ ಒಂದೊಂದಾಗಿ ಹೆಂಚಿಗೆ ಬದಲಾದವು. ನಮ್ಮ ಮಳೆಗೆ ಅದರಷ್ಟು ಪರೀಕ್ಷೆಯಾದ ವಸ್ತು ಇನ್ನೊಂದಿಲ್ಲ. ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿಯುತ್ತದೆ, ಎರಡಡಿ ಸೂರು ಚಾಚಿಸಿದರೂ ನಿಮಗೆ ಇನ್ನೂರು ಚಿಲ್ಲರೆ ಸಾಕು. ಮಂಗಗಳ ಕಾಟಕ್ಕೆ ಬೇಸತ್ತು ಹೆಂಚಿಳಿಸಿ ಶೀಟು ಹೊದೆಸಿದ ಮನೆಗಳು ನಿಮ್ಮ ಸುತ್ತ ಬೇಕಾದಷ್ಟಿವೆ, ಅವರ ಹಿತ್ತಲಲ್ಲಿ ಹಳೇ ಹೆಂಚಿನ ರಾಶಿ ಪಾಚಿಗಟ್ಟಿ ಬಿದ್ದಿರುತ್ತದೆ. ಕೇಳಿದರೆ ಕೊಡುತ್ತಾರೆ. ಮೂವತ್ತು ಹೆಚ್ಚೇ ತಂದಿಟ್ಟುಕೊಳ್ಳಿ, ಮಂಗ ನಿಮ್ಮಲ್ಲಿಗೂ ಬರುತ್ತದೆ. ಮಾಡಿನ ಇಳಿಜಾರು ಮನೆಯ ಮಾಡಿನಷ್ಟೇ ಕಡಿದಾಗಿರಲಿ. ಚಪ್ಪಟೆ ಮಾಡಿದರೆ ಗಾಳಿಮಳೆಗೆ ಹೆಂಚಿನ ಸಂದಿಯಿಂದ ನೀರು ಹಿಂದಕ್ಕೆ ಹತ್ತುತ್ತದೆ. ಜಿಂಕ್ ಶೀಟು ಅಗ್ಗ, ಹಾಕಲು ಸುಲಭ. ಆದರೆ ಏಪ್ರಿಲ್‌ನಲ್ಲಿ ಗೆಡ್ಡೆ ಇಡುವ ಜಾಗಕ್ಕೆ ಅದರ ಕಾವು ಒಳ್ಳೆಯದಲ್ಲ, ಜುಲೈಯಲ್ಲಿ ಅದರ ಸದ್ದಿಗೆ ಮನೆಯಿಂದ ಕೂಗಿದರೂ ನಿಮಗೆ ಕೇಳುವುದಿಲ್ಲ. ಯಾರಾದರೂ ಹಳೇ ಸಿಮೆಂಟ್ ಶೀಟು ಕೊಡುತ್ತೇನೆ ಎಂದರೆ ಬೇಡ ಎನ್ನಿ. ಅದರಲ್ಲಿ ಕಲ್ನಾರು ಇರುತ್ತದೆ. ಕೊಯ್ಯುವಾಗ, ಒಡೆಯುವಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವಂಥದ್ದು.

ನಾಲ್ಕೂ ಕಡೆ ಗೋಡೆ ಬೇಡ. ಎರಚಲು ಬರುವುದು ಪಶ್ಚಿಮ, ನೈಋತ್ಯದಿಂದ. ಪಶ್ಚಿಮಕ್ಕೆ ಸೊಂಟದ ಎತ್ತರದ ಗೋಡೆ ಹಾಕಿ, ಅದರ ಮೇಲೆ ಮತ್ತು ದಕ್ಷಿಣಕ್ಕೆ ಮಳೆಗಾಲದಲ್ಲಿ ಮನೆಗೆ ಕಟ್ಟುವಂಥದ್ದೇ ಸೋಗೆ ತಟ್ಟಿ ಕಟ್ಟಿ. ಸೆಪ್ಟೆಂಬರ್ ಕಳೆದ ಮೇಲೆ ಬಿಚ್ಚಿಟ್ಟರಾಯಿತು. ಪೂರ್ವ ತೆರೆದಿರಲಿ. ಉತ್ತರಕ್ಕೆ ಅಡಿಕೆ ದಬ್ಬೆ ಸಾಲಾಗಿ ಹೊಡೆಸಿದರೆ ಗಾಳಿಯೂ ಆಡುತ್ತದೆ, ಅದರ ಹೊರಬದಿಗೆ ಆಂಥೂರಿಯಂ ಕುಂಡ ತೂಗುಹಾಕಲೂ ಆಗುತ್ತದೆ. ಆಂಥೂರಿಯಂಗೆ ನೂರರಲ್ಲಿ ಎಪ್ಪತ್ತೈದು ಪಾಲು ನೆರಳು ಬೇಕು, ಡೇರೆಗೆ ಬಿಸಿಲು ಬೇಕು. ಶೆಡ್ ಗಿಡ ಬೆಳೆಯುವ ಜಾಗವಲ್ಲ, ಕೆಲಸ ಮಾಡುವ ಜಾಗ ಎಂಬುದು ನಿಮ್ಮ ಮನಸ್ಸಿನಲ್ಲೂ ಗಟ್ಟಿಯಾಗಿರಲಿ. ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಅಲ್ಲಿ ಗಿಡ ತುಂಬಿಸಿ ಮತ್ತೆ ಜಗಲಿಗೆ ಬಂದು ಕೂರುತ್ತೀರಿ.

ಇಷ್ಟೆಲ್ಲ ಹೇಳಿದರೂ ನೀವು ಮೊದಲು ಮಾಡಿಸಬೇಕಾದದ್ದು ಮೇಜು. ಮಾಡು ಯಾವಾಗಲಾದರೂ ಆಗಲಿ, ಮೇಜನ್ನು ಈ ವಾರವೇ ಬಡಗಿಗೆ ಹೇಳಿ. ನಿಮ್ಮ ಸೊಂಟಕ್ಕೆ ಬೇಕಾದ ಔಷಧ ಅದರ ಎತ್ತರದಲ್ಲಿದೆ. ನೆಟ್ಟಗೆ ನಿಂತು ಕೈ ಮಡಚಿ. ಮೊಣಕೈಯಿಂದ ಒಂದು ಮುಷ್ಟಿ ಕೆಳಗೆ ಮೇಜಿನ ಮೇಲ್ಮೈ ಬರಬೇಕು. ಅಡುಗೆ ಮನೆಯ ಕಟ್ಟೆಯ ಅಳತೆ ಕೊಡಬೇಡಿ, ಅದು ಎಷ್ಟೋ ಸಲ ಕಟ್ಟಿದ ಮೇಸ್ತ್ರಿಯ ಅಂದಾಜಿನದು. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಹಿಂದೆ ಮತ್ತು ಎರಡು ಬದಿಗೆ ಒಂದು ಗೇಣು ಎತ್ತರದ ಹಲಗೆ, ಮುಂದೆ ತೆರೆದಿರಬೇಕು. ಆಗ ಕಲಸಿದ ಮಣ್ಣು ಮೇಜಿನ ಮೇಲೇ ನಿಲ್ಲುತ್ತದೆ, ಕುಂಡವನ್ನು ಅಂಚಿಗೆ ತಂದು ಮಣ್ಣು ಎಳೆದುಕೊಂಡರೆ ತುಂಬುತ್ತದೆ, ಎತ್ತುವುದೇ ಬೇಡ. ಮೇಜಿನ ಕೆಳಗೆ ಮುಚ್ಚಳವಿರುವ ಡ್ರಮ್ಮುಗಳಲ್ಲಿ ಕೆಂಪು ಮಣ್ಣು, ಕೊಕೊಪೀಟು, ಹಳೇ ಗೊಬ್ಬರ, ಬೇವಿನ ಹಿಂಡಿ. ತುಂಬಿದ ಕುಂಡ ಸಾಗಿಸಲು ಒಂದು ತಳ್ಳುಗಾಡಿ. ಸೊಂಟ ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೇಜು ಸಾಲದು, ಮೂಳೆ ವೈದ್ಯರಿಗೆ ತೋರಿಸಿ.

ಗೆಡ್ಡೆಗೆ ಬೇರೆ ವ್ಯವಸ್ಥೆ ಬೇಕು. ಡೇರೆ ಒಣಗಿದ ಮೇಲೆ ಕಿತ್ತ ಗೆಡ್ಡೆಯಲ್ಲಿ ಕಾಂಡದ ಬುಡದ ಕಣ್ಣು ಅಂಟಿಕೊಂಡಿದ್ದರೆ ಮಾತ್ರ ಅದು ಚಿಗುರುವುದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಕಣ್ಣು ಉಳಿಯಬೇಕಾದರೆ ತೇವವೂ ಆಗಬಾರದು, ಪೂರ್ತಿ ಬತ್ತಲೂಬಾರದು. ಪಶ್ಚಿಮದ ಗೋಡೆಗೆ ತಾಗಿಸದೆ, ಉತ್ತರದ ನೆರಳಿನ ಬದಿಯಲ್ಲಿ ಸಂದಿ ಬಿಟ್ಟ ಪಟ್ಟಿಗಳ ಕಪಾಟು ಮಾಡಿಸಿ, ಒಣ ಮರಳು ತುಂಬಿದ ಟ್ರೇಗಳಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಚೀಟಿ ಹಾಕಿಡಿ. ಮುಂದೆ, ಹಿಂದೆ ಸಣ್ಣ ಕಣ್ಣಿನ ಜಾಲರಿ ಹೊಡೆಸದಿದ್ದರೆ ಇಲಿ ಬಿಡುವುದಿಲ್ಲ. ಮಾರುವವರಿಗೆ ಚೀಟಿ ತಪ್ಪಿದರೆ ಗಿರಾಕಿಯೂ ತಪ್ಪುತ್ತಾನೆ.

ನೀರಿಗೆ ಮಾಡಿನ ನೀರನ್ನೇ ಹಿಡಿಯಿರಿ. ನೆಲದ ಲೆಕ್ಕದಲ್ಲಿ ಹನ್ನೆರಡು ಚದರ ಮೀಟರ್ ಮಾಡಿನ ನೀರು ಹಿಡಿದರೂ, 50 ಮಿಲಿಮೀಟರ್ ಮಳೆ ಬಂದ ದಿನ ಆರುನೂರು ಲೀಟರ್ ಬೀಳುತ್ತದೆ. ಸೂರಿನ ಕೆಳಗೆ ಅಡಿಕೆ ದಂಬೆಯೋ ಸೀಳಿದ ಪಿವಿಸಿ ಪೈಪೋ ಕಟ್ಟಿ ಡ್ರಮ್ಮಿಗೆ ಬಿಡಿ, ಬಾಯಿಗೆ ಸೊಳ್ಳೆ ಪರದೆ ಬಿಗಿಯಿರಿ, ತುಂಬಿ ಚೆಲ್ಲುವ ನೀರು ಪಾಯದ ಬುಡಕ್ಕೆ ಬೀಳದಿರಲಿ. ದೀಪಕ್ಕೆ ಮನೆಯಿಂದ ತಂತಿ ಎಳೆಯುವುದಾದರೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸದೆ ಎಳೆಯಬೇಡಿ. ಒದ್ದೆ ಕೈ, ಒದ್ದೆ ನೆಲ ಇರುವ ಜಾಗ ಅದು.

ನೀವು ಸಕ್ಕರೆ ಕಾಯಿಲೆಯನ್ನು ಒಂದೇ ಸಾಲಿನಲ್ಲಿ ಬರೆದು ದಾಟಿಬಿಟ್ಟಿದ್ದೀರಿ. ಅದು ದಾಟುವ ಸಂಗತಿಯಲ್ಲ. ಮೆಲಿಯೋಯ್ಡೋಸಿಸ್ ಎಂಬ ಸೋಂಕಿನ ಬ್ಯಾಕ್ಟೀರಿಯಾ ಮಣ್ಣು, ಕೆಸರು ನೀರಿನಲ್ಲಿ ಇರುತ್ತದೆ. ನಮ್ಮ ಕರಾವಳಿ ಜಿಲ್ಲೆಗಳಲ್ಲಿ, ಹೆಚ್ಚಾಗಿ ಮಳೆಗಾಲದಲ್ಲಿ, ಇದು ಕಾಣಿಸಿಕೊಂಡಿದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಕೈಯಲ್ಲಿ ಗಾಯವಿದ್ದ ದಿನ ಮಣ್ಣು ಮುಟ್ಟಬೇಡಿ, ರಬ್ಬರ್ ಕೈಗವಸು, ಗಮ್ ಬೂಟು ಹಾಕದೆ ಮಳೆಗಾಲದಲ್ಲಿ ಕೆಲಸಕ್ಕಿಳಿಯಬೇಡಿ. ಬಿಡದ ಜ್ವರ ಬಂದರೆ ವೈದ್ಯರಿಗೆ ‘ನಾನು ಮಣ್ಣಿನ ಕೆಲಸ ಮಾಡುತ್ತೇನೆ, ಸಕ್ಕರೆ ಇದೆ’ ಎಂದು ಎರಡನ್ನೂ ಹೇಳಿ. ಇಲಿಜ್ವರವನ್ನು ಅವರು ಬೇಗ ಸಂಶಯಿಸಲೂ ಇದೇ ಮಾತು ಸಹಾಯ ಮಾಡುತ್ತದೆ.

ಕುಂಡಕ್ಕೆ ಹಾಕಲು ಕಾಡಿನಿಂದ ದರಕು ತರುವ ಪದ್ಧತಿ ನಿಮ್ಮಲ್ಲಿದೆ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಅದರ ಜೊತೆ ಉಣುಗುಗಳೂ ಬರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಈ ಉಣುಗುಗಳು ಕಚ್ಚಿ ಹರಡುವ ಮಂಗನ ಕಾಯಿಲೆ ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿಗೂ ಬಂದಿದೆ. ಆ ತಿಂಗಳುಗಳಲ್ಲಿ ಕಾಡಿನ ದರಕನ್ನು ಶೆಡ್ಡಿಗೆ ತಂದು ರಾಶಿ ಹಾಕಬೇಡಿ. ತೋಟದ ಸೋಗೆ ಚೂರು, ತೆಂಗಿನ ನಾರಿನ ಪುಡಿ, ಸುಟ್ಟ ಭತ್ತದ ಹೊಟ್ಟು ಬಳಸಿ. ಹತ್ತಿರದಲ್ಲಿ ಮಂಗ ಸತ್ತದ್ದು ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಲೇಬೇಕಾದರೆ ಅವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಖಾಲಿ ಕುಂಡಗಳನ್ನು ನೆಲದಲ್ಲಿ ಒಂದರೊಳಗೊಂದು ಮಲಗಿಸಿಡುವ ಅಭ್ಯಾಸವನ್ನೂ ಬಿಡಿ. ಕಪ್ಪೆ ಸೇರುತ್ತದೆ, ಕಪ್ಪೆಯ ಹಿಂದೆ ಹಾವು ಬರುತ್ತದೆ. ಬೋರಲಾಗಿ ಹಲಗೆಯ ಮೇಲೆ ಜೋಡಿಸಿ.

ಇನ್ನು ಕಟ್ಟುವ ಕಾಲದ ಮಾತು. ಅಡಿಕೆ ಕೊನೆ ಕೊಯ್ಲು, ಸುಲಿಯುವುದು ಮುಗಿಯುವವರೆಗೆ ಆಳು ಸಿಗುವುದಿಲ್ಲ, ಸಿಕ್ಕರೂ ಯಜಮಾನರ ಮನಸ್ಸು ಅಲ್ಲಿರುವುದಿಲ್ಲ. ಫೆಬ್ರವರಿಯಲ್ಲಿ ಪಾಯ, ಮಾರ್ಚ್‌ನಲ್ಲಿ ಮಾಡು, ಮೇ ತಿಂಗಳ ಗುಡುಗು ಮಳೆಗೆ ಸೋರುವ ಜಾಗ ನೋಡಿಕೊಂಡು ಹೆಂಚು ಸರಿಪಡಿಸುವುದು. ಗೆಡ್ಡೆ ನೆಡುವ ಹೊತ್ತಿಗೆ ನೀವು ನಿಂತು ಕೆಲಸ ಮಾಡುತ್ತಿರುತ್ತೀರಿ. ಎಪ್ಪತ್ತು ಸಾವಿರವನ್ನೂ ಇದಕ್ಕೇ ಸುರಿಯಬೇಡಿ. ಮುಂದಿನ ಹಂಗಾಮಿನ ಕುಂಡ, ಗೊಬ್ಬರ, ಕೊರಿಯರ್ ಖರ್ಚಿಗೆ ಬೇಕಾದದ್ದನ್ನು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಮೇಜು, ಪಾಯ, ಮಾಡು ಈ ಕ್ರಮದಲ್ಲಿ ಹೋಗಿ. ಕಪಾಟು, ದೀಪ ಮುಂದಿನ ವರ್ಷದ ಮಾರಾಟದಿಂದ ಆಗಲಿ. ಮಣ್ಣಿನ ಪರೀಕ್ಷೆ, ಗೆಡ್ಡೆ ಕೊಳೆ ರೋಗದ ಪ್ರಶ್ನೆಗಳಿದ್ದರೆ ಶಿರಸಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ತೋಟಗಾರಿಕೆ ಕಾಲೇಜೂ ಇವೆ. ಸಂಕೋಚವಿಲ್ಲದೆ ಹೋಗಿ ಕೇಳಿ.

ಮಗ ಕಳಿಸಿದ ಫೋಟೊದ ಕಬ್ಬಿಣದ ಶೆಡ್ ನಮ್ಮ ತೇವಕ್ಕೆ ತುಕ್ಕು ಹಿಡಿಯುತ್ತದೆ, ಒಳಗೆ ಗಾಳಿಯಾಡುವುದಿಲ್ಲ, ಅದರಲ್ಲಿಟ್ಟ ಗೆಡ್ಡೆಗೆ ಬೂಸಲು ಬರುತ್ತದೆ. ಆದರೆ ಈ ಮನೆಯಲ್ಲಿ ನಿಮ್ಮ ಕೆಲಸವನ್ನು ಕೆಲಸ ಎಂದು ಮೊದಲು ಕಂಡವನು ಅವನು. ದುಡ್ಡು ಕಳಿಸುವುದು ಬೇಡ, ಮಾರ್ಚ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಬಾ, ಅಪ್ಪನ ಜೊತೆ ಹೆಂಚು ಹತ್ತಿಸಬೇಕು ಎಂದು ಹೇಳಿ.